ಸರಾಸರಿ ರಾಗಿ ಯಾರ ಹೊಲದ್ದು?

ಒಂಬತ್ತನೇ ಕ್ಲಾಸಿನ ಗಣಿತದಲ್ಲಿ ಸಂಖ್ಯಾಶಾಸ್ತ್ರದ ಪಾಠಕ್ಕೆ ಬಂದಾಗ ಆವೃತ್ತಿ ಬಹುಭುಜಾಕೃತಿ ಅಂತ ಒಂದು ಭಾಗ ಇರ್ತಿತ್ತು, ನೆನಪಿದೆಯಾ? ಇಂಗ್ಲಿಷ್ ಮೀಡಿಯಂನವರು ಅದನ್ನೇ ಫ್ರೀಕ್ವೆನ್ಸಿ ಪಾಲಿಗನ್ ಅಂತ ಓದಿರ್ತೀರಿ. ಗ್ರಾಫ್ ಶೀಟ್ ಮೇಲೆ ಚುಕ್ಕಿ ಇಟ್ಟು, ಸ್ಕೇಲ್ ಹಿಡಿದು ಗೆರೆ ಎಳೆದು, ಮಾರ್ಕ್ಸ್ ತಗೊಂಡು ಮುಂದೆ ಹೋದ ಮೇಲೆ ಮತ್ತೆ ಅದರ ಸುದ್ದಿಗೆ ಹೋದವರು ಕಡಿಮೆ. ಇಂಜಿನಿಯರಿಂಗ್‌ಗೆ ಬಂದ ಮೇಲಂತೂ ಮೀನ್, ವೇರಿಯನ್ಸ್, ಕೋರಿಲೇಶನ್, ಕರ್ವ್ ಫಿಟ್ಟಿಂಗ್ ಅಂತ ಸೂತ್ರಗಳ ಹಿಂದೆ ಓಡೋದೇ ಆಗುತ್ತೆ. ಚಿತ್ರ ಬಿಡಿಸೋದು ಹೈಸ್ಕೂಲ್ ಮಕ್ಕಳ ಕೆಲಸ ಅನ್ನೋ ಭಾವನೆ ಕ್ಯಾಂಪಸ್ಸಿನಲ್ಲಿ ಗಟ್ಟಿಯಾಗಿದೆ.

ನಮ್ಮ ಅಭಿಪ್ರಾಯ ಇದಕ್ಕೆ ತದ್ವಿರುದ್ಧ. ಜನರ ದುಡ್ಡಿನ ಬಗ್ಗೆ, ಬೆಳೆಯ ಬಗ್ಗೆ, ಕೆಲಸದ ಬಗ್ಗೆ ತೀರ್ಮಾನ ಆಗುವ ಕಡೆ ಬರೀ ಸರಾಸರಿ ಕೊಟ್ಟರೆ ಸಾಲದು. ಆ ಸರಾಸರಿ ಎಂಥ ಗುಂಪಿನಿಂದ ಬಂತು ಅಂತ ತೋರಿಸುವ ಆವೃತ್ತಿ ಬಹುಭುಜಾಕೃತಿಯೂ ಪಕ್ಕದಲ್ಲಿ ಇರಬೇಕು. ಅದನ್ನು ಕೇಳಿ ಪಡೆಯಬೇಕಾದವರು ನಾವು. ಕೇಳೋಕೆ ಮುಂಚೆ ಅದನ್ನು ಕೈಯಲ್ಲಿ ಬಿಡಿಸೋದು, ಬಿಡಿಸಿದ್ದನ್ನು ಓದೋದು ನಮಗೆ ಬರಬೇಕು. ಯಾಕೆ ಅಂತ ಹೇಳೋಕೆ ನಮ್ಮ ಹಾಸನ ಜಿಲ್ಲೆಯ ಒಂದು ಹೋಬಳಿಗೇ ಹೋಗೋಣ.

ದಂಡಿಗನಹಳ್ಳಿ ಹೋಬಳಿಯ ನಲವತ್ತು ಹೊಲ

ಸಕಲೇಶಪುರದಲ್ಲಿ ಮಳೆ ಬಿಡುವು ಕೊಡದೆ ಹೊಡೀತಿರುವಾಗ ಅರಸೀಕೆರೆಯಲ್ಲಿ ಜನ ಮೋಡ ನೋಡ್ತಾ ಕೂತಿರ್ತಾರೆ. ಎರಡೂ ಒಂದೇ ಜಿಲ್ಲೆ. 'ಹಾಸನ ಜಿಲ್ಲೆಯ ಸರಾಸರಿ ಮಳೆ' ಅನ್ನೋ ಅಂಕಿ ಈ ಇಬ್ಬರಲ್ಲಿ ಯಾರ ಮಳೆಯೂ ಅಲ್ಲ. ಜಿಲ್ಲೆ ಬಿಟ್ಟು ತಾಲ್ಲೂಕಿಗೆ ಇಳಿದರೂ ಅದೇ ಕಥೆ. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಆರು ಹೋಬಳಿ: ಕಸಬಾ, ದಂಡಿಗನಹಳ್ಳಿ, ಶ್ರವಣಬೆಳಗೊಳ, ಹಿರೀಸಾವೆ, ನುಗ್ಗೇಹಳ್ಳಿ, ಬಾಗೂರು. ಗೊರೂರಿನ ಹೇಮಾವತಿ ಅಣೆಕಟ್ಟಿನ ಎಡದಂಡೆ ನಾಲೆ ಈ ತಾಲ್ಲೂಕನ್ನು ಹಾದು, ಬಾಗೂರು-ನವಿಲೆ ಸುರಂಗದ ಮೂಲಕ ತುಮಕೂರಿನ ಕಡೆ ಹೋಗುತ್ತೆ. ನಾಲೆ ನೀರೋ, ಕೆರೆ ನೀರೋ, ಬೋರ್‌ವೆಲ್ಲೋ ಇದ್ದವರ ಬೇಸಾಯ ಒಂದು ಥರ. ಆಕಾಶ ನಂಬಿ ಬಿತ್ತುವವರದ್ದು ಇನ್ನೊಂದು ಥರ. ಎಷ್ಟೋ ಕಡೆ ಇವೆರಡರ ನಡುವೆ ಇರೋದು ಒಂದು ಬದು ಅಷ್ಟೇ.

ಈಗ ದಂಡಿಗನಹಳ್ಳಿ ಹೋಬಳಿಯಲ್ಲಿ 40 ರಾಗಿ ಹೊಲಗಳ ಇಳುವರಿ ಅಳೆದರು ಅಂತ ಇಟ್ಕೊಳ್ಳಿ. ಕೆಳಗಿನ ಅಂಕಿಗಳು ಲೆಕ್ಕ ಮಾಡಿ ತೋರಿಸೋಕೆ ನಾವೇ ಜೋಡಿಸಿದವು, ಯಾವ ಸಮೀಕ್ಷೆಯದ್ದೂ ಅಲ್ಲ. ಎಕರೆಗೆ ಎಷ್ಟು ಕ್ವಿಂಟಾಲ್ ಅನ್ನೋದು ವರ್ಗಾಂತರ, ಅಷ್ಟು ಬೆಳೆದ ಹೊಲ ಎಷ್ಟು ಅನ್ನೋದು ಆವೃತ್ತಿ.

2–4 ಕ್ವಿಂಟಾಲ್: 3 ಹೊಲ
4–6: 9
6–8: 6
8–10: 2
10–12: 3
12–14: 10
14–16: 5
16–18: 2

ಸರಾಸರಿ ತೆಗೆಯೋದು ಎಲ್ಲರಿಗೂ ಗೊತ್ತು. ವರ್ಗಾಂತರಗಳ ಮಧ್ಯಬಿಂದು 3, 5, 7 ಹೀಗೆ 17ರ ತನಕ. ಪ್ರತಿಯೊಂದನ್ನೂ ಅದರ ಆವೃತ್ತಿಯಿಂದ ಗುಣಿಸಿ ಕೂಡಿಸಿದರೆ 386. ನಲವತ್ತರಿಂದ ಭಾಗಿಸಿದರೆ 9.65. 'ಹೋಬಳಿಯಲ್ಲಿ ರಾಗಿಯ ಸರಾಸರಿ ಇಳುವರಿ ಎಕರೆಗೆ 9.65 ಕ್ವಿಂಟಾಲ್' ಅಂತ ವರದಿ ಬರುತ್ತೆ. ಲೆಕ್ಕದಲ್ಲಿ ಒಂದು ಚೂರೂ ತಪ್ಪಿಲ್ಲ. ಆದರೆ ಪಟ್ಟಿ ಇನ್ನೊಮ್ಮೆ ನೋಡಿ. 9.65 ಬೀಳೋದು 8–10ರ ವರ್ಗದಲ್ಲಿ. ಅಲ್ಲಿರೋದು ಎರಡೇ ಹೊಲ. ಇಡೀ ಪಟ್ಟಿಯಲ್ಲಿ ಇದಕ್ಕಿಂತ ಕಡಿಮೆ ಆವೃತ್ತಿಯ ವರ್ಗ ಇನ್ನೊಂದಿಲ್ಲ.

ಬಿಡಿಸೋದು ಹೇಗೆ, ಸೊನ್ನೆಗೆ ಇಳಿಸೋದು ಯಾಕೆ

ಗ್ರಾಫ್ ಶೀಟ್ ತಗೊಳ್ಳಿ. ಅಡ್ಡ ಅಕ್ಷದಲ್ಲಿ ಇಳುವರಿ, ಲಂಬ ಅಕ್ಷದಲ್ಲಿ ಹೊಲಗಳ ಸಂಖ್ಯೆ. ಪ್ರತಿ ವರ್ಗಾಂತರದ ಮಧ್ಯಬಿಂದುವಿನ ನೇರಕ್ಕೆ ಅದರ ಆವೃತ್ತಿಯಷ್ಟು ಎತ್ತರದಲ್ಲಿ ಚುಕ್ಕಿ ಇಡಿ: (3, 3), (5, 9), (7, 6), (9, 2), (11, 3), (13, 10), (15, 5), (17, 2). ಅಕ್ಕಪಕ್ಕದ ಚುಕ್ಕಿಗಳನ್ನು ನೇರ ಗೆರೆಯಿಂದ ಸೇರಿಸಿ. ಬಾಗಿಸಬೇಡಿ, ಸ್ಕೇಲ್ ಬಳಸಿ.

ಇಷ್ಟಕ್ಕೇ ನಿಲ್ಲಿಸಿದರೆ ಅದು ಬಹುಭುಜಾಕೃತಿ ಆಗಲ್ಲ, ಗಾಳಿಯಲ್ಲಿ ತೂಗಾಡೋ ಗೆರೆ ಆಗುತ್ತೆ. ಎಡಗಡೆ 0–2 ಅನ್ನೋ ಖಾಲಿ ವರ್ಗ, ಬಲಗಡೆ 18–20 ಅನ್ನೋ ಖಾಲಿ ವರ್ಗ ಇದೆ ಅಂತ ತಗೊಂಡು, (1, 0) ಮತ್ತು (19, 0)ಗೆ ಗೆರೆ ಇಳಿಸಬೇಕು. ಪರೀಕ್ಷೆಯಲ್ಲಿ ಮಾರ್ಕ್ಸ್ ಹೋಗೋದು ಹೆಚ್ಚಾಗಿ ಇಲ್ಲೇ. ಇದು ಸುಮ್ಮನೆ ಚಂದಕ್ಕೆ ಇಟ್ಟ ನಿಯಮ ಅಲ್ಲ. ಇದೇ ಅಂಕಿಗಳಿಗೆ ಮೊದಲು ಸ್ತಂಭಾಲೇಖ, ಅಂದರೆ ಹಿಸ್ಟೋಗ್ರಾಂ, ಬಿಡಿಸಿ ನೋಡಿ. ಪಕ್ಕಪಕ್ಕದ ಎರಡು ಸ್ತಂಭಗಳ ನೆತ್ತಿಯ ಮಧ್ಯಬಿಂದುಗಳನ್ನು ಸೇರಿಸೋ ಗೆರೆ, ಎತ್ತರದ ಸ್ತಂಭದ ಮೂಲೆಯಿಂದ ಒಂದು ತ್ರಿಭುಜ ಕತ್ತರಿಸಿ ತೆಗೆಯುತ್ತೆ, ಗಿಡ್ಡ ಸ್ತಂಭದ ಮೇಲೆ ಅಷ್ಟೇ ದೊಡ್ಡ ತ್ರಿಭುಜ ಕೂರಿಸುತ್ತೆ. ಸ್ತಂಭಗಳ ಅಗಲ ಒಂದೇ ಆಗಿರೋದ್ರಿಂದ ಎರಡೂ ಸರ್ವಸಮ. ಎರಡು ತುದಿಯನ್ನೂ ಸೊನ್ನೆಗೆ ಇಳಿಸಿದಾಗ ಈ ಕೊಡು-ಕೊಳ್ಳು ಪೂರ್ತಿಯಾಗುತ್ತೆ. ಆಗ ಬಹುಭುಜಾಕೃತಿಯ ವಿಸ್ತೀರ್ಣ ಸ್ತಂಭಾಲೇಖದ ವಿಸ್ತೀರ್ಣಕ್ಕೆ ಸಮ. ನಮ್ಮ ಉದಾಹರಣೆಯಲ್ಲಿ 40 ಹೊಲ, ಅಗಲ 2, ಒಟ್ಟು 80. ತುದಿ ಇಳಿಸದೆ ಬಿಟ್ಟರೆ ಅಂಚಿನ ಹೊಲಗಳ ಲೆಕ್ಕದಲ್ಲಿ ಒಂದಿಷ್ಟು ಚಿತ್ರದಿಂದ ಬಿದ್ದು ಹೋಗುತ್ತೆ. ಎಡ ಅಂಚಿನಲ್ಲಿ ಇರೋರು ಯಾರು? ಎಕರೆಗೆ ಮೂರು ಕ್ವಿಂಟಾಲ್ ಕೂಡ ಸರಿಯಾಗಿ ಬಾರದವರು.

ಚಿತ್ರ ಮುಗಿದ ಮೇಲೆ ಕಣ್ಣಿಗೆ ಬೀಳೋದು ಎರಡು ದಿಬ್ಬ. ಒಂದರ ತುದಿ 5ರ ಮೇಲೆ, ಇನ್ನೊಂದರದ್ದು 13ರ ಮೇಲೆ. ನಡುವೆ 9ರ ಹತ್ತಿರ ಹಳ್ಳ. ಸರಾಸರಿ ಕೂತಿರೋದು ಆ ಹಳ್ಳದ ಪಕ್ಕದಲ್ಲೇ.

'ಸರಾಸರಿ ಬೇಡ ಗುರು, ಮಧ್ಯಾಂಕ ತಗೋ' ಅನ್ನೋರು ಇರ್ತಾರೆ. ಸರಾಸರಿಯ ಮೇಲೆ ಯಾರು ಆಕ್ಷೇಪ ಎತ್ತಿದರೂ ಸಿಗೋ ರೆಡಿಮೇಡ್ ಉತ್ತರ ಅದು. ಇಲ್ಲಿ ಹಾಕಿ ನೋಡಿ. ಮೊದಲ ನಾಲ್ಕು ವರ್ಗ ಸೇರಿ ಸರಿಯಾಗಿ 20 ಹೊಲ, ಹಾಗಾಗಿ ಮಧ್ಯಾಂಕ 10. ಅದೂ ಹಳ್ಳಕ್ಕೇ ಬಿತ್ತು. ಬಹುಲಕ ತೆಗೆದರೆ 12–14ರ ವರ್ಗ ಸಿಗುತ್ತೆ, ಅಲ್ಲಿಗೆ ಎಡಗಡೆಯ ದಿಬ್ಬ ಪೂರ್ತಿ ಮರೆತೇ ಹೋಯ್ತು. ಗುಂಪಿನಲ್ಲಿ ಎರಡು ದಿಬ್ಬ ಇದ್ದಾಗ ಯಾವ ಒಂದು ಅಂಕಿಯೂ ಅದನ್ನು ಹೇಳಲಾರದು. ಚಿತ್ರ ಮಾತ್ರ ಹೇಳುತ್ತೆ.

ಸ್ತಂಭಾಲೇಖ ಸಾಲದಾ?

ಒಂದೇ ಗುಂಪಾದರೆ ಸ್ತಂಭಾಲೇಖ ಸಾಕು. ಬಹುಭುಜಾಕೃತಿಯ ನಿಜವಾದ ಉಪಯೋಗ ಇರೋದು ಎರಡು ಗುಂಪು ಹೋಲಿಸುವಾಗ. ನಮ್ಮ 40 ಹೊಲಗಳಲ್ಲಿ ಮೊದಲ 20 ಮಳೆಯಾಶ್ರಿತ, ಉಳಿದ 20 ನೀರಾವರಿ ಅಂತ ತಗೊಳ್ಳಿ. ಮಳೆಯಾಶ್ರಿತದ ಸರಾಸರಿ 5.7, ನೀರಾವರಿಯದ್ದು 13.6. ಒಂದೇ ಹಾಳೆಯ ಮೇಲೆ ಎರಡು ಬಣ್ಣದ ಸ್ತಂಭಗಳನ್ನು ಒಂದರ ಮೇಲೊಂದು ಬಿಡಿಸಿದರೆ ಒಂದು ಇನ್ನೊಂದನ್ನು ಮುಚ್ಚುತ್ತೆ. ಗೆರೆಗಳಾದರೆ ಆ ತೊಂದರೆ ಇಲ್ಲ. ಮಳೆಯಾಶ್ರಿತದ ಗೆರೆ 1ರಲ್ಲಿ ಹುಟ್ಟಿ 11ರಲ್ಲಿ ಮುಗಿಯುತ್ತೆ, ನೀರಾವರಿಯದ್ದು 9ರಲ್ಲಿ ಹುಟ್ಟಿ 19ರಲ್ಲಿ ಮುಗಿಯುತ್ತೆ. 9 ಮತ್ತು 11ರ ನಡುವೆ ಮಾತ್ರ ಒಂದನ್ನೊಂದು ದಾಟುತ್ತವೆ. ಎರಡು ಗುಂಪಿನ ಸಂಖ್ಯೆ ಬೇರೆ ಬೇರೆಯಾಗಿದ್ದರೆ, ಒಂದರಲ್ಲಿ 20 ಇನ್ನೊಂದರಲ್ಲಿ 200 ಇದ್ದರೆ, ಆವೃತ್ತಿಯ ಬದಲು ಶೇಕಡಾವಾರು ಹಾಕಬೇಕು. ಇಲ್ಲದಿದ್ದರೆ ದೊಡ್ಡ ಗುಂಪು ಚಿಕ್ಕದನ್ನು ನುಂಗಿಬಿಡುತ್ತೆ.

ಇದನ್ನು ವರ್ಷದಿಂದ ವರ್ಷಕ್ಕೂ ಮಾಡಬಹುದು. ಒಂದೇ ಹೋಬಳಿಯ ಹೋದ ವರ್ಷದ ಗೆರೆಯ ಮೇಲೆ ಈ ವರ್ಷದ ಗೆರೆ ಎಳೆಯಿರಿ. ಇಡೀ ಆಕೃತಿ ಎಡಕ್ಕೆ ಜಾರಿದ್ದರೆ ಎಲ್ಲರಿಗೂ ಏಟು ಬಿದ್ದಿದೆ. ಜಾರದೆ ಎರಡಾಗಿ ಸೀಳಿದ್ದರೆ ಕೆಲವರಿಗೆ ಮಾತ್ರ ಬಿದ್ದಿದೆ. ಈ ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋದು ಬೆಳೆ ವಿಮೆಯಲ್ಲಿ ಗೊತ್ತಾಗುತ್ತೆ.

ವಿಮೆಯ ಲೆಕ್ಕದಲ್ಲಿ ಸರಾಸರಿ

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಜಾರಿಯಲ್ಲಿದೆ. ಮುಂಗಾರಿನ ಆಹಾರ ಬೆಳೆಗೆ ರೈತ ಕಟ್ಟೋದು ವಿಮಾ ಮೊತ್ತದ ಶೇ. 2. ಇದು ಪ್ರದೇಶ ಆಧಾರಿತ ವಿಮೆ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ ಒಂದು ಘಟಕ, ಉಳಿದ ಬೆಳೆಗಳಿಗೆ ಹೋಬಳಿ. ಘಟಕದಲ್ಲಿ ಬೆಳೆ ಕಟಾವು ಪ್ರಯೋಗ ಮಾಡ್ತಾರೆ, ಅಂದರೆ ಆರಿಸಿದ ತಾಕುಗಳಲ್ಲಿ ಅಳತೆ ಹಾಕಿ ಕೊಯ್ದು ತೂಗ್ತಾರೆ. ಪಂಚಾಯಿತಿ ಮಟ್ಟದಲ್ಲಿ ಮುಖ್ಯ ಬೆಳೆಗೆ ಕನಿಷ್ಠ 4 ತಾಕು. ಅವುಗಳ ಸರಾಸರಿಯೇ ಇಡೀ ಘಟಕದ ಇಳುವರಿ. ಹಿಂದಿನ ಏಳು ವರ್ಷಗಳಲ್ಲಿ ಚೆನ್ನಾಗಿದ್ದ ಐದು ವರ್ಷಗಳ ಸರಾಸರಿ ತೆಗೆದು, ನಷ್ಟಭರ್ತಿಯ ಮಟ್ಟದಿಂದ ಗುಣಿಸಿದರೆ ಖಾತರಿ ಇಳುವರಿ. ಈ ವರ್ಷದ ಸರಾಸರಿ ಅದಕ್ಕಿಂತ ಕೆಳಗೆ ಇದ್ದರೆ ಕೊರತೆಯ ಪ್ರಮಾಣದಲ್ಲಿ ಘಟಕದ ಎಲ್ಲ ವಿಮೆದಾರರಿಗೂ ಪರಿಹಾರ, ಇಲ್ಲದಿದ್ದರೆ ಯಾರಿಗೂ ಇಲ್ಲ.

ಒಂದು ಪಂಚಾಯಿತಿಯ ಖಾತರಿ ಇಳುವರಿ 5 ಕ್ವಿಂಟಾಲ್ ಅಂತ ಇಟ್ಕೊಳ್ಳಿ. ನಾಲ್ಕು ತಾಕಿನ ಇಳುವರಿ 8, 7, 3, 2 ಬಂತು. ಸರಾಸರಿ 5. ಪರಿಹಾರ ಸೊನ್ನೆ. 5, 5, 5, 5 ಬಂದಿದ್ದರೂ ಸರಾಸರಿ 5, ಪರಿಹಾರ ಸೊನ್ನೆ. ಸೂತ್ರದ ಕಣ್ಣಿಗೆ ಎರಡು ಪಂಚಾಯಿತಿಯೂ ಒಂದೇ. ಆದರೆ ಮೊದಲನೆಯದರಲ್ಲಿ 2 ಕ್ವಿಂಟಾಲ್ ಬೆಳೆದವರ ಮನೆಯಲ್ಲಿ ಆ ವರ್ಷ ಏನಾಗಿರುತ್ತೆ ಅಂತ ಹಳ್ಳಿಯಿಂದ ಬಂದ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ವ್ಯವಸ್ಥೆಗೆ ಇದು ಗೊತ್ತೇ ಇಲ್ಲ ಅಂತ ನಾವು ಹೇಳ್ತಿಲ್ಲ. ಕರ್ನಾಟಕದ ಅಧಿಸೂಚನೆಗಳಲ್ಲಿ ಮಳೆಯಾಶ್ರಿತ ರಾಗಿ, ನೀರಾವರಿ ರಾಗಿ ಅಂತ ಬೇರೆ ಬೇರೆ ಬೆಳೆಗಳಾಗಿಯೇ ತಗೊಳ್ತಾರೆ. ಎರಡು ದಿಬ್ಬವನ್ನು ಒಂದೇ ಸರಾಸರಿಗೆ ತುರುಕಬಾರದು ಅನ್ನೋ ಅರಿವು ಅಲ್ಲಿದೆ. ಆಲಿಕಲ್ಲು, ಮುಳುಗಡೆ, ಭೂಕುಸಿತದಂಥ ನಷ್ಟಕ್ಕೆ ಒಬ್ಬೊಬ್ಬರ ಹೊಲವನ್ನೇ ನೋಡುವ ಅವಕಾಶವೂ ಇದೆ. ಆದರೆ ಮಳೆ ಕೈಕೊಟ್ಟಾಗ ಅದು ಎಲ್ಲರಿಗೂ ಒಂದೇ ಸಮ ಕೈಕೊಡಲ್ಲ. ಮುಂಚೆ ಬಿತ್ತಿದವರಿಗೆ ಒಂದು, ತಡವಾಗಿ ಬಿತ್ತಿದವರಿಗೆ ಒಂದು. ತಗ್ಗಿನ ಹೊಲಕ್ಕೆ ಒಂದು, ದಿಣ್ಣೆಗೆ ಒಂದು. ಮಳೆಯಾಶ್ರಿತದ ಒಳಗೇ ಇನ್ನೆರಡು ದಿಬ್ಬ ಇರಬಹುದು.

'ಹಾಗಂತ ಪ್ರತಿ ಹೊಲವನ್ನೂ ಅಳೆಯೋಕೆ ಆಗುತ್ತಾ?' ಅನ್ನೋದು ನ್ಯಾಯವಾದ ಪ್ರಶ್ನೆ. ಆಗಲ್ಲ. ಖರ್ಚು, ಜನ, ಕೊಯ್ಲಿನ ಹೊತ್ತಿನಲ್ಲಿ ಸಿಗೋ ಕೆಲವೇ ದಿನ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಮಾದರಿ ಆರಿಸಿ ಇಡೀ ಬೆಳೆಯ ಅಂದಾಜು ಮಾಡೋದು ಈ ದೇಶಕ್ಕೆ ಹೊಸದೂ ಅಲ್ಲ. 1930ರ ದಶಕದ ಕೊನೆಯಲ್ಲೇ ಪಿ.ಸಿ. ಮಹಾಲನೋಬಿಸ್ ಬಂಗಾಳದಲ್ಲಿ ಸೆಣಬಿನ ಬೆಳೆಗೆ ಇಂಥ ಮಾದರಿ ಸಮೀಕ್ಷೆ ನಡೆಸಿದ್ದರು. ಅವರು ಹುಟ್ಟಿದ ಜೂನ್ 29ನ್ನೇ ನಾವು ಸಂಖ್ಯಾಶಾಸ್ತ್ರ ದಿನ ಅಂತ ಆಚರಿಸೋದು. ಹಾಗಾಗಿ ಸರಾಸರಿ ಬೇಡ ಅನ್ನೋದು ನಮ್ಮ ವಾದ ಅಲ್ಲ. ಅಳೆದ ಅಂಕಿಗಳು ಹೇಗೂ ಇವೆ, ಅವುಗಳ ಹರಡುವಿಕೆಯನ್ನೂ ಊರಿಗೆ ತೋರಿಸಿ ಅನ್ನೋದು. ನಾಲ್ಕು ತಾಕಿನಿಂದ ಬಹುಭುಜಾಕೃತಿ ಆಗಲ್ಲ, ನಿಜ. ಆದರೆ ಹೋಬಳಿಯಲ್ಲಿ ಹತ್ತು ಪಂಚಾಯಿತಿ ಅಂತ ಹಿಡಿದರೂ ಒಂದು ಬೆಳೆಗೆ 40 ತಾಕು ಆಯ್ತು. ಆ ಚಿತ್ರವನ್ನು ವರ್ಷಕ್ಕೊಂದರಂತೆ ರೈತ ಸಂಪರ್ಕ ಕೇಂದ್ರದ ಗೋಡೆ ಮೇಲೆ ಅಂಟಿಸಿದರೆ, ಈ ವರ್ಷ ಹೋಬಳಿ ಜಾರಿತೋ ಸೀಳಿತೋ ಅಂತ ಯಾರು ಬೇಕಾದರೂ ನೋಡಬಹುದು. ಸೀಳಿದ್ದರೆ, ಘಟಕ ಇನ್ನೂ ಚಿಕ್ಕದಾಗಬೇಕು ಅಂತ ಕೇಳೋಕೆ ಕೈಯಲ್ಲಿ ಆಧಾರ ಇರುತ್ತೆ.

ಚಿತ್ರವೂ ಸುಳ್ಳು ಹೇಳಬಹುದು

ಬಹುಭುಜಾಕೃತಿಯ ಪರ ಮಾತಾಡುವಾಗ ಅದರ ಅಪಾಯವನ್ನೂ ಹೇಳಬೇಕು. ಮೊದಲನೆಯದು ವರ್ಗಾಂತರದ ಅಗಲ. ಅದೇ 40 ಹೊಲಗಳನ್ನು 4ರ ಅಗಲಕ್ಕೆ ಹಾಕಿದರೆ ಆವೃತ್ತಿ 12, 8, 13, 7. ದಿಬ್ಬ ಎರಡೇ, ಆದರೆ ಹಳ್ಳ ಅರ್ಧ ತುಂಬಿತು. ಅಗಲ 8 ಮಾಡಿದರೆ 2–10ರಲ್ಲಿ 20, 10–18ರಲ್ಲಿ 20. ಮೇಲ್ಭಾಗ ಸಪಾಟು! ಹಳ್ಳ ಇತ್ತು ಅನ್ನೋ ಗುರುತೂ ಇಲ್ಲ. ಡೇಟಾ ಬದಲಾಗಿಲ್ಲ, ಬಿಡಿಸಿದವರ ಆಯ್ಕೆ ಬದಲಾಯ್ತು ಅಷ್ಟೇ. ಮ್ಯಾಟ್‌ಪ್ಲಾಟ್‌ಲಿಬ್‌ಗೆ ನೀವು ಏನೂ ಹೇಳದಿದ್ದರೆ ಅದು 10 ವರ್ಗ ಮಾಡಿ ಕೊಡುತ್ತೆ, ನಿಮ್ಮ ಡೇಟಾ ರಾಗಿಯದ್ದೋ ರೆಸಿಸ್ಟರ್‌ನದ್ದೋ ಅದಕ್ಕೇನು ಗೊತ್ತು. ಕೈಯಲ್ಲಿ ಎರಡು ಮೂರು ಅಗಲಕ್ಕೆ ಬಿಡಿಸಿ ನೋಡಿದವರಿಗೆ ಮಾತ್ರ ಈ ಅನುಮಾನ ಹುಟ್ಟೋದು.

ಎರಡನೆಯದು ಅಸಮ ವರ್ಗಾಂತರ. ಸರ್ಕಾರದ ಅಂಕಿ ಹೆಚ್ಚಾಗಿ ಬರೋದು ಹೀಗೇ. 2015-16ರ ಕೃಷಿ ಗಣತಿಯಲ್ಲಿ ದೇಶದ ಹಿಡುವಳಿಗಳು ಹೀಗಿವೆ: 1 ಹೆಕ್ಟೇರ್‌ಗಿಂತ ಕಡಿಮೆ ಶೇ. 68.45, 1–2 ಹೆಕ್ಟೇರ್ ಶೇ. 17.62, 2–4 ಶೇ. 9.55, 4–10 ಶೇ. 3.80, 10 ಮತ್ತು ಮೇಲೆ ಶೇ. 0.57. ಸರಾಸರಿ ಹಿಡುವಳಿ 1.08 ಹೆಕ್ಟೇರ್, ನಮ್ಮ ರಾಜ್ಯದ್ದು 1.36. ದೇಶದ ಮೂರರಲ್ಲಿ ಎರಡು ಭಾಗಕ್ಕೂ ಹೆಚ್ಚು ಹಿಡುವಳಿಗಳು ಆ ದೇಶದ ಸರಾಸರಿಗಿಂತ ಕೆಳಗೇ ಇವೆ ಅನ್ನೋದನ್ನು ಗಮನಿಸಿ. ಈಗ ಶೇಕಡಾವಾರನ್ನು ಹಾಗೇ ಎತ್ತರವಾಗಿ ಇಟ್ಟು ಗೆರೆ ಎಳೆದರೆ ಚಿತ್ರ ತಪ್ಪು. 4–10ರ ಅಗಲ 6 ಹೆಕ್ಟೇರ್. 3.80ನ್ನು 6ರಿಂದ ಭಾಗಿಸಿದರೆ ಪ್ರತಿ ಹೆಕ್ಟೇರ್ ಅಗಲಕ್ಕೆ 0.63 ಮಾತ್ರ. 2–4ಕ್ಕೆ 9.55 ಭಾಗಿಸು 2, ಅಂದರೆ ಸುಮಾರು 4.78. ಈ ಸಾಂದ್ರತೆಯನ್ನೇ ಲಂಬ ಅಕ್ಷದಲ್ಲಿ ಇಡಬೇಕು. ಇಲ್ಲದಿದ್ದರೆ ದೊಡ್ಡ ಹಿಡುವಳಿಯವರು ಇರೋದಕ್ಕಿಂತ ಆರು ಪಟ್ಟು ಎತ್ತರಕ್ಕೆ ಕಾಣ್ತಾರೆ. ಕೊನೆಯ ವರ್ಗಕ್ಕೆ ಮೇಲ್ಮಿತಿಯೇ ಇಲ್ಲ, ಹಾಗಾಗಿ ಮಧ್ಯಬಿಂದುವೂ ಇಲ್ಲ. ಅದನ್ನು ಊಹಿಸಿ ಚುಕ್ಕಿ ಇಡೋ ಬದಲು ಚಿತ್ರದ ಕೆಳಗೆ ಬರೆದುಬಿಡಿ. ಎಡ ತುದಿಯನ್ನು ಸೊನ್ನೆಗೆ ಇಳಿಸುವಾಗ −0.5 ಹೆಕ್ಟೇರ್ ಬರುತ್ತೆ. ಮೈನಸ್ ಅರ್ಧ ಹೆಕ್ಟೇರ್ ಜಮೀನು ಯಾರಿಗಿದೆ ಅಂತ ಗಾಬರಿ ಬೇಡ, ಅದು ಆಕೃತಿ ಮುಚ್ಚೋಕೆ ಮಾಡೋ ರೂಢಿ ಅಷ್ಟೇ. ಅಸಮ ಅಗಲ ಇದ್ದಾಗ ಮೇಲೆ ಹೇಳಿದ ತ್ರಿಭುಜಗಳ ಸಮ ಲೆಕ್ಕ ಕೂಡ ಕೂಡಿ ಬರಲ್ಲ ಅನ್ನೋದು ನೆನಪಿರಲಿ.

ಎಕ್ಸೆಲ್ ಬಳಸೋರಿಗೆ ಒಂದು ಮಾತು. ಲೈನ್ ಚಾರ್ಟ್ ಒತ್ತಿದರೆ ಅದು ಅಡ್ಡ ಅಕ್ಷದ ಅಂಕಿಗಳನ್ನು ಬರೀ ಹೆಸರು ಅಂತ ತಿಳಿದು ಸಮ ದೂರದಲ್ಲಿ ಜೋಡಿಸುತ್ತೆ. 0.5, 1.5, 3, 7 ಎಲ್ಲಕ್ಕೂ ಒಂದೇ ಅಂತರ! ಸ್ಕ್ಯಾಟರ್ ಚಾರ್ಟಿನಲ್ಲಿ ನೇರ ಗೆರೆಯ ಆಯ್ಕೆ ತಗೊಳ್ಳಿ.

ನಮ್ಮ ಕ್ಯಾಂಪಸ್ಸಿಗೆ ಬಂದರೆ

ಪ್ಲೇಸ್‌ಮೆಂಟ್ ಬ್ಯಾನರ್‌ಗಳ ಮೇಲೆ 'ಆವರೇಜ್ ಪ್ಯಾಕೇಜ್' ಅಂತ ದಪ್ಪ ಅಕ್ಷರದಲ್ಲಿ ಇರುತ್ತೆ. ಯಾವ ಕಾಲೇಜು ಅಂತ ಹೇಳೋ ಅಗತ್ಯ ಇಲ್ಲ, ಎಲ್ಲ ಕಡೆ ಇದೆ. ನೂರು ಜನರಲ್ಲಿ 90 ಜನಕ್ಕೆ 4 ಲಕ್ಷ, 10 ಜನಕ್ಕೆ 24 ಲಕ್ಷ ಸಿಕ್ಕಿದರೆ ಸರಾಸರಿ 6 ಲಕ್ಷ. ಆರು ಲಕ್ಷ ಸಿಕ್ಕವರು ಒಬ್ಬರೂ ಇಲ್ಲ. ಎನ್‌ಐಆರ್‌ಎಫ್‌ಗೆ ಕಾಲೇಜುಗಳು ಕೊಡುವ ಮಾಹಿತಿಯಲ್ಲಿ ಮಧ್ಯಾಂಕ ಸಂಬಳ ಇರುತ್ತೆ, ಅದು ಎಷ್ಟೋ ವಾಸಿ. ಆದರೆ ಮಧ್ಯಾಂಕವೂ ಹಳ್ಳಕ್ಕೆ ಬೀಳಬಹುದು ಅಂತ ರಾಗಿಯಲ್ಲೇ ನೋಡಿದೆವು. ವರ್ಗಾಂತರವಾರು ಸಂಖ್ಯೆ ಕೊಟ್ಟರೆ ಇನ್ನೊಂದು ಲಾಭ ಇದೆ. ಆವೃತ್ತಿಗಳನ್ನು ಕೂಡಿಸಿದರೆ ಎಷ್ಟು ಜನರ ಲೆಕ್ಕ ಇದು ಅಂತ ಗೊತ್ತಾಗುತ್ತೆ. ಬ್ಯಾಚಿನಲ್ಲಿ ಇದ್ದವರ ಸಂಖ್ಯೆಯಿಂದ ಅದನ್ನು ಕಳೆದರೆ ಕೆಲಸ ಸಿಗದವರು, ಕೆಲಸ ಹುಡುಕದವರು ಎಷ್ಟು ಅಂತಲೂ ಸಿಗುತ್ತೆ. ಸರಾಸರಿಯಿಂದ ಇದು ಯಾವತ್ತೂ ಸಿಗಲ್ಲ. ಯಾರ ಹೆಸರೂ, ಯಾರ ಸಂಬಳವೂ ಬಯಲಾಗಲ್ಲ.

ಮನೆಯಲ್ಲಿ ತೆಂಗಿನ ತೋಟ ನಂಬಿ, ಇಲ್ಲಾ ಎಜುಕೇಶನ್ ಲೋನ್ ನಂಬಿ ಮಕ್ಕಳನ್ನು ಓದಿಸೋ ಅಪ್ಪ ಅಮ್ಮ ಬ್ಯಾನರ್ ಮೇಲಿನ ಆ ಒಂದು ಅಂಕಿ ನೋಡಿ ಸೀಟು ಆರಿಸ್ತಾರೆ. ಕಂತು ಕಟ್ಟಬೇಕಾಗೋದು ಸರಾಸರಿಯಿಂದ ಅಲ್ಲ, ತಮ್ಮ ಮಗ ಅಥವಾ ಮಗಳಿಗೆ ಸಿಕ್ಕ ಸಂಬಳದಿಂದ.

ಹಾಗಾಗಿ ನಮ್ಮ ಕೋರಿಕೆ ಎರಡು. ಒಂದು, ಪ್ಲೇಸ್‌ಮೆಂಟ್ ವರದಿಯಲ್ಲಿ ಸರಾಸರಿಯ ಜೊತೆಗೆ ವರ್ಗಾಂತರ ಪಟ್ಟಿ ಮತ್ತು ಹಿಂದಿನ ವರ್ಷದ ಗೆರೆಯ ಮೇಲೆ ಎಳೆದ ಈ ವರ್ಷದ ಆವೃತ್ತಿ ಬಹುಭುಜಾಕೃತಿ ಇರಲಿ. ಎರಡು, ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕ್ತಿರೋರು ಆನ್‌ಲೈನ್ ಡೇಟಾಸೆಟ್ ಇಳಿಸಿಕೊಳ್ಳೋ ಮುಂಚೆ ನಿಮ್ಮ ಊರಿನದ್ದೇ ಯಾವುದಾದರೂ ನಲವತ್ತು ಅಳತೆ ತನ್ನಿ: ರಾಗಿ ಇಳುವರಿ, ಬೋರ್‌ವೆಲ್ ಆಳ, ಒಂದು ತೆಂಗಿನ ಮರಕ್ಕೆ ಬಿಡೋ ಕಾಯಿ, ಏನಾದರೂ ಆಗಲಿ. ಮೊದಲು ಗ್ರಾಫ್ ಶೀಟಿನ ಮೇಲೆ ಬಿಡಿಸಿ, ಆಮೇಲೆ ಕೋಡ್ ಬರೆಯಿರಿ. ಬಂದ ಚಿತ್ರಗಳನ್ನು ನಮಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ. ಎಷ್ಟು ಊರುಗಳಲ್ಲಿ ಒಂದು ದಿಬ್ಬ, ಎಷ್ಟರಲ್ಲಿ ಎರಡು ಅಂತ ಒಟ್ಟಿಗೆ ಕೂತು ಎಣಿಸೋಣ.